ಅಜ್ಜನ ಕೋಲಿಗೆ ಪೆಟ್ಟಿಗೆ ಇತ್ತಾ?

ಹೋದ ಶನಿವಾರ ಮಗನ ಗಾಳದ ಕೋಲು ಮುರಿಯಿತು. ಮೀನು ಎಳೆದು ಮುರಿದದ್ದಲ್ಲ. ಕಾರಿನ ಹಿಂಬಾಗಿಲು ಹಾಕಿದವನು ನಾನೇ. ‘ಚಿಟ್’ ಅಂತ ಒಣಕಡ್ಡಿ ಮುರಿದಷ್ಟೇ ಸದ್ದು. ತೆಗೆದು ನೋಡಿದರೆ ತುದಿಯ ನಾಲ್ಕು ಇಂಚು, ಹಿಡಿಸೂಡಿ ಕಡ್ಡಿಗಿಂತ ತೆಳುವಾದದ್ದು, ನೂಲಿಗೆ ಜೋತುಬಿದ್ದು ಗಾಳಿಗೆ ತಿರುಗುತ್ತಿತ್ತು. ನೂಲು ಹಾಯುವ ಪುಟ್ಟ ಬಳೆ ಇನ್ನೂ ಅದರ ತುದಿಯಲ್ಲೇ ಇತ್ತು. ಒಂಬತ್ತು ವರ್ಷದ ಹುಡುಗ ಅಳಲಿಲ್ಲ. ಕೈಗವಸು ಬಿಚ್ಚಿ ಆ ಚೂರನ್ನು ಅಂಗೈಯಲ್ಲಿಟ್ಟುಕೊಂಡು ಮನೆ ಮುಟ್ಟುವ ತನಕ ಸುಮ್ಮನೆ ಕೂತಿದ್ದ. ಅತ್ತಿದ್ದರೆ ನನಗೆ ಸುಲಭವಾಗುತ್ತಿತ್ತು.

ಸಕಲೇಶಪುರದ ಕಡೆಯವನಿಗೆ ಮೀನು ಹಿಡಿಯುವುದು ಹೊಸತಲ್ಲ. ಆದರೆ ಈಗ ನಾವಿರುವ ಅಮೆರಿಕದ ಮಿನ್ನೆಸೋಟದ ಚಳಿಗಾಲದ ಮೀನಿನ ಕೆಲಸವೇ ಬೇರೆ. ಕೆರೆ ಹೆಪ್ಪುಗಟ್ಟಿ, ಮಂಜುಗಡ್ಡೆ ಕಡಿಮೆಯೆಂದರೂ 4 ಇಂಚು ದಪ್ಪವಾದ ಮೇಲೆ ಜನ ಅದರ ಮೇಲೆ ನಡೆದುಹೋಗಿ ಬೈರಿಗೆಯಿಂದ ತೂತು ಕೊರೆಯುತ್ತಾರೆ. ಬಕೆಟ್ ಬೋರಲು ಹಾಕಿ ತೂತಿನ ಪಕ್ಕದಲ್ಲೇ ಕೂರುವುದರಿಂದ ಉದ್ದದ ಕೋಲು ಬೇಡ, ಎರಡು ಎರಡೂವರೆ ಅಡಿ ಸಾಕು. ತಣ್ಣೀರಿನಲ್ಲಿ ಮೀನು ಮಂಕಾಗಿರುತ್ತದೆ. ಎರೆಯನ್ನು ಎಳೆದುಕೊಂಡು ಓಡುವುದಿಲ್ಲ, ಬಾಯಲ್ಲಿಟ್ಟುಕೊಂಡು ಸುಮ್ಮನಿರುತ್ತದೆ. ಅಷ್ಟು ಸಣ್ಣ ಭಾರಕ್ಕೂ ಬಾಗಲಿ ಅಂತಲೇ ಕೋಲಿನ ತುದಿಯನ್ನು ಅಷ್ಟು ತೆಳು ಮಾಡುವುದು. ಮೀನು ಬಂದ ಸುದ್ದಿ ಹೇಳುವುದೂ ಆ ತುದಿಯೇ, ಮೊದಲು ಮುರಿಯುವುದೂ ಆ ತುದಿಯೇ.

ಪಕ್ಕದ ಮನೆಯ ಅಜ್ಜ ಅಂಗಳದ ಹಿಮ ಎತ್ತುತ್ತಿದ್ದವರು ಹುಡುಗನ ಮುಖ ನೋಡಿ ಬಂದರು. ಚೂರನ್ನು ಕೈಗೆ ತೆಗೆದುಕೊಂಡು, “ಮೀನು ಮುರಿದ ಕೋಲು ನಾನು ಕಂಡದ್ದು ಎರಡೋ ಮೂರೋ. ಉಳಿದದ್ದೆಲ್ಲ ಕಾರಿನ ಬಾಗಿಲು ಮುರಿದದ್ದು” ಅಂದರು. ನನ್ನನ್ನು ಬೈದದ್ದಲ್ಲ, ಹುಡುಗನಿಗೆ ಸಮಾಧಾನ ಹೇಳಿದ್ದು. ಆಮೇಲೆ ಒಳಗೆ ಹೋಗಿ ತಮ್ಮ ಪೆಟ್ಟಿಗೆ ತಂದು ನಮ್ಮ ಅಡುಗೆಮನೆ ಮೇಜಿನ ಮೇಲೆ ಬಿಚ್ಚಿಟ್ಟರು.

ನಾನು ಅಲ್ಲಿಯವರೆಗೆ ಕೋಲಿನ ಚೀಲವೆಂದರೆ ಚೀಲ ಅಂದುಕೊಂಡಿದ್ದೆ. ನಮ್ಮದು ಬಟ್ಟೆಯದು, ಜಿಪ್ಪಿನದು, ಹಗುರ. ಹೆಗಲಿಗೆ ಹಾಕಿಕೊಂಡು ನಾಲ್ಕು ಹೆಜ್ಜೆ ನಡೆಯಲು ಅದಾದೀತು. ಆದರೆ ಎಳೆಗಾಡಿಯಲ್ಲಿ ಅದರ ಮೇಲೆ ಬೈರಿಗೆ, ಬಕೆಟ್ಟು, ಗುಡಾರ ಬಿದ್ದರೆ ಬಟ್ಟೆ ಏನನ್ನು ಕಾಯುತ್ತದೆ? ಒದ್ದೆಯಾದ ಜಿಪ್ಪು ಕೆರೆಯ ಮೇಲೆ ಹೆಪ್ಪುಗಟ್ಟಿ ತೆರೆಯುವುದೂ ಇಲ್ಲ. ಅಜ್ಜನದು ಗಟ್ಟಿ ಪ್ಲಾಸ್ಟಿಕ್ಕಿನ ಪೆಟ್ಟಿಗೆ. ಒಳಗೆ ದಪ್ಪ ಸ್ಪಂಜು, ಅದರಲ್ಲಿ ಕೊರೆದ ಒಂದೊಂದು ಗೂಡಿನಲ್ಲಿ ಒಂದೊಂದು ಕೋಲು, ನೂಲಿನ ಉರುಳೆಯನ್ನು ಬಿಚ್ಚದೆ ಹಾಗೇ ಮಲಗುವಂತೆ. ಒಂದು ಕೋಲು ಇನ್ನೊಂದಕ್ಕೆ ತಾಗುವುದಿಲ್ಲ. ಅಳೆಯುವಾಗ ಪೆಟ್ಟಿಗೆಯ ಹೊರಮೈ ಅಲ್ಲ, ಒಳಗಿನ ಉದ್ದ ಅಳೆಯಬೇಕಂತೆ. ಇರುವುದರಲ್ಲಿ ಉದ್ದದ ಕೋಲಿಗಿಂತ ಎರಡು ಬೆರಳಾದರೂ ಹೆಚ್ಚಿರಬೇಕು, ತುದಿ ಗೋಡೆಗೆ ಒತ್ತಿ ಬಾಗಿ ಕೂರಬಾರದು. ಗಾಳದ ಕೊಕ್ಕೆಯನ್ನು ಬಳೆಗೆ ಸಿಕ್ಕಿಸಬಾರದು. ಬಳೆಯ ಒಳಮೈ ಗೀರಿದರೆ ಮುಂದೆ ಅದೇ ಗೀರು ನೂಲನ್ನು ತಿನ್ನುತ್ತದೆ. ಕೊನೆಗೆ ಅಜ್ಜ ಎರಡೆರಡು ಸಲ ಹೇಳಿದ ಮಾತು: ಮನೆಗೆ ಬಂದ ಕೂಡಲೇ ಪೆಟ್ಟಿಗೆ ಬಿಚ್ಚಿ ರಾತ್ರಿಯಿಡೀ ಒಣಗಲು ಬಿಡಬೇಕು. ಇಲ್ಲದಿದ್ದರೆ ಕೆರೆಯಿಂದ ಬಂದ ಹಿಮ ಒಳಗೇ ಕರಗಿ, ಸ್ಪಂಜು ನೀರು ಕುಡಿದು, ಕೊಕ್ಕೆಗಳೆಲ್ಲ ತುಕ್ಕು ಹಿಡಿಯುತ್ತವೆ.

ಪೆಟ್ಟಿಗೆಯ ಕೊನೆಯ ಗೂಡಿನಲ್ಲಿ ಮರದ್ದೊಂದು ಮೋಟು ಕೋಲಿತ್ತು. ಹಿಡಿ ಸವೆದು ನುಣ್ಣಗಾಗಿತ್ತು. ಅವರ ಅಪ್ಪನದಂತೆ. ಈಗ ಅದರಲ್ಲಿ ಮೀನು ಹಿಡಿಯುವುದಿಲ್ಲ, ಆದರೂ ಕೆರೆಗೆ ಹೋದಾಗಲೆಲ್ಲ ಅದೂ ಹೋಗುತ್ತದೆ. ಮಗ ಅದನ್ನು ಮುಟ್ಟಿ ನೋಡಿ ನನ್ನ ಕಡೆ ತಿರುಗಿದ. “ಅಪ್ಪಾ, ಅಜ್ಜನ ಕೋಲಿಗೆ ಪೆಟ್ಟಿಗೆ ಇತ್ತಾ?”

ಅವನು ಕೇಳಿದ್ದು ನನ್ನ ಅಪ್ಪನ ಬಗ್ಗೆ.

ಪೆಟ್ಟಿಗೆ ಇರಲಿಲ್ಲ, ಜಾಗ ಇತ್ತು. ಅಪ್ಪ ಅಮಾವಾಸ್ಯೆಯ ಎಡಬಲದಲ್ಲಿ ಹಳ್ಳದ ಮೆಳೆಯಿಂದ ಬಿದಿರು ಕಡಿಯುತ್ತಿದ್ದರು, ಆಗ ಕಡಿದದ್ದಕ್ಕೆ ಹುಳ ಬೀಳುವುದಿಲ್ಲ ಅಂತ. ಕೆಂಡದ ಮೇಲೆ ಕಾಯಿಸಿ, ಮೊಣಕಾಲಿಗೊತ್ತಿ ಸೊಟ್ಟ ತೆಗೆಯುತ್ತಿದ್ದರು. ಮಳೆಗಾಲ ಮುಗಿದು ಹೇಮಾವತಿ ತಿಳಿಯಾಗುವ ತನಕ ಆ ಕೋಲಿನ ವಾಸ ಒಲೆಯ ಮೇಲೆ, ಸೂರಿನ ಕೆಳಗೆ, ಜಂತಿಗೆ ಕಟ್ಟಿದ ಎರಡು ಹಗ್ಗದ ಕುಣಿಕೆಯಲ್ಲಿ. ವರ್ಷವರ್ಷವೂ ಹೊಗೆ ಕುಡಿದು ಅದು ಹುಣಸೆಬೀಜದ ಬಣ್ಣಕ್ಕೆ ತಿರುಗಿತ್ತು. ಗಾಳದ ಮೊನೆ ಮಕ್ಕಳಿಗೆ ಚುಚ್ಚೀತೆಂದು ಅದನ್ನು ಬೆಂಡಿನ ಚೂರಿನೊಳಗೆ ನೆಟ್ಟು, ನೂಲು ಸುತ್ತಿ, ಮೇಲೊಂದು ಬಾಳೆನಾರಿನ ಗಂಟು ಹಾಕುತ್ತಿದ್ದರು. ಅಷ್ಟು ಮಾಡದೆ ಊಟಕ್ಕೆ ಕೂತವರಲ್ಲ. ಹೊಳೆಗೆ ಹೊರಟರೆ ಬೇಲಿ ದಾಟುವಾಗ ಮೊದಲು ಕೋಲನ್ನು ಆಚೆ ಮಲಗಿಸಿ ಆಮೇಲೆ ತಾವು ದಾಟುತ್ತಿದ್ದರು.

ಅಪ್ಪ ಎಷ್ಟೋ ದಿನ ಬರಿಗೈಯಲ್ಲಿ ಬರುತ್ತಿದ್ದರು. ಹಳ್ಳಕ್ಕೆ ಸಿಡಿಮದ್ದಿನ ತೋಟೆ ಹಾಕಿ, ಬ್ಲೀಚಿಂಗ್ ಪೌಡರ್ ಸುರಿದು ಮರಿ ಸಮೇತ ಬಾಚಿಕೊಂಡು ಬಂದವರ ಮೀನು ನಮ್ಮ ಮನೆಯ ಒಲೆ ಹತ್ತಲಿಲ್ಲ. ಇಲ್ಲಿ ಒಬ್ಬರಿಗೆ ಇಷ್ಟೇ ಮೀನು ಅಂತ ಸರ್ಕಾರದ ಲೆಕ್ಕವಿದೆ, ಪಕ್ಕದ ಮನೆಯ ಅಜ್ಜ ಬೆರಳೆಣಿಸಿ ನಿಲ್ಲಿಸುತ್ತಾರೆ. ಅದನ್ನು ನೋಡಿದಾಗಲೆಲ್ಲ ನನಗೆ ಅಪ್ಪನ ಖಾಲಿ ಬುಟ್ಟಿಯೇ ನೆನಪಾಗುತ್ತದೆ, ಊರಿನವರ ಮೇಲೆ ಸಿಟ್ಟೂ ಬರುತ್ತದೆ.

ಆದರೆ ಕೋಲಿನ ವಿಷಯದಲ್ಲಿ ಯಾರ ಮೇಲೆ ಸಿಟ್ಟು ಮಾಡಲಿ? ಅಪ್ಪ ಹೋದ ಮರುವರ್ಷ ಹೆಂಚಿನ ಮನೆ ಕೆಡವಿ ತಾರಸಿ ಮನೆ ಕಟ್ಟಿಸಿದವನು ನಾನು. ಸೋರುತ್ತದೆ, ಅಮ್ಮ ಹೊಗೆಗೆ ಕೆಮ್ಮುತ್ತಾರೆ ಅಂತ ಇಲ್ಲಿಂದಲೇ ದುಡ್ಡು ಕಳಿಸಿದೆ, ಫೋನಿನಲ್ಲೇ ನಕ್ಷೆ ಒಪ್ಪಿದೆ. ಅಮ್ಮನ ಕೆಮ್ಮು ನಿಂತಿತು, ಅದು ಸುಳ್ಳಲ್ಲ. ಆ ನಕ್ಷೆಯಲ್ಲಿ ದೇವರಮನೆ ಇತ್ತು, ಕಾರು ನಿಲ್ಲಿಸಲು ಜಾಗ ಇತ್ತು. ಎಂಟು ಅಡಿಯ ಕೋಲು ಮಲಗುವ ಜಾಗ ಇರಲಿಲ್ಲ, ನನಗದು ಹೊಳೆಯಲೂ ಇಲ್ಲ.

ಆ ರಾತ್ರಿ ಅಮ್ಮನಿಗೆ ಫೋನ್ ಮಾಡಿ ಕೇಳಿದೆ. “ಆ ಕೋಲಾ? ಮನೆ ಬಿಚ್ಚಿದಾಗ ಕೆಲಸದವರು ಬಚ್ಚಲೊಲೆಗೆ ಹಾಕಿದ್ರು ಕಣೋ. ನಾನು ನೋಡೋದ್ರೊಳಗೆ ಅರ್ಧ ಉರಿದಿತ್ತು” ಅಂದರು. ಇಷ್ಟು ವರ್ಷ ನನಗೆ ಹೇಳಿರಲಿಲ್ಲ. ನಾನು ಕೇಳಿಯೂ ಇರಲಿಲ್ಲ.

ಈ ಬುಧವಾರ ಮಗನಿಗೆ ಪೆಟ್ಟಿಗೆ ಬಂತು. ಒಳಗಡೆ ಮೂರಡಿ, ಮೂರು ಗೂಡು. ಅವನು ಮುರಿದ ತುದಿಯನ್ನೂ ಒಂದು ಗೂಡಿನಲ್ಲಿ ಹತ್ತಿ ಹಾಕಿ ಮಲಗಿಸಿದ್ದಾನೆ. ವಿಡಿಯೋ ಕಾಲ್‌ನಲ್ಲಿ ಅಜ್ಜಿಗೆ ತೋರಿಸಿದ. ಅಮ್ಮ ಕನ್ನಡಕ ಹಾಕಿಕೊಂಡು ಹತ್ತಿರದಿಂದ ನೋಡಿದರು.

“ಅಲ್ಲಿ ಒಲೆ ಹೊಗೆ ಇಲ್ವಲ್ಲ, ಹುಳ ಹಿಡಿಯಲ್ವೇನೋ?”

“ಇದು ಬಿದಿರಲ್ಲಮ್ಮ, ಗ್ರಾಫೈಟ್. ಇದಕ್ಕೆ ಹುಳ ಹಿಡಿಯಲ್ಲ.”

ಅಮ್ಮ ಸ್ವಲ್ಪ ಹೊತ್ತು ಮಾತಾಡಲಿಲ್ಲ.

“ನಿಮ್ಮಪ್ಪನ ಕೋಲಿಗೂ ಹಿಡಿದಿರ್ಲಿಲ್ಲ ಕಣೋ” ಅಂದರು.