ಗುಡ್ಡೆಗೆ ಬೆಂಕಿ ಬೀಳುವ ಮೊದಲೇ ಹುಡುಗರಿಗೆ ಕಲಿಸಿ

ನನ್ನದು ಹೆಬ್ರಿ ಹತ್ತಿರ. ಹುಲ್ಲು ಹೊಡೆಯುವ ಮಿಷಿನ್ ಹೆಗಲಿಗೆ ಹಾಕಿಕೊಂಡು ತೋಟ ತಿರುಗುವ ಕೆಲಸ. ಅಡಿಕೆ, ಗೇರು, ರಬ್ಬರ್ ಎಲ್ಲ ಮುಗಿಯುವ ಹೊತ್ತಿಗೆ, ಅಂದರೆ ಜನವರಿ ಆಸುಪಾಸು, ಕಾಡಿನ ಬದಿಯಲ್ಲಿ ಬೆಂಕಿ ರೇಖೆ ಮಾಡಲು ಕರೆಯುತ್ತಾರೆ. ಹುಲ್ಲು, ತರಗೆಲೆ ತೆಗೆದು ಮಣ್ಣು ಕಾಣುವ ಹಾಗೆ ಉದ್ದಕ್ಕೆ ಪಟ್ಟಿ ಬಿಡುವುದು. ಬೆಂಕಿ ಬಂದರೆ ಅಲ್ಲಿಗೆ ನಿಲ್ಲಬೇಕು.

"ಅಷ್ಟು ಮಳೆ ಬೀಳುವ ಊರಿನಲ್ಲಿ ಎಂತ ಬೆಂಕಿ ಮಾರಾಯ?" ಅಂತ ಮಂಗಳೂರಿನ ಪರಿಚಯದವರು ಕೇಳುತ್ತಾರೆ. ಮಳೆ ಜಾಸ್ತಿ ಇರುವುದಕ್ಕೇ ಹುಲ್ಲೂ ಜಾಸ್ತಿ. ಫೆಬ್ರವರಿಗೆ ಅದೆಲ್ಲ ಒಣಗಿ ಕಡ್ಡಿ. 2023ರ ಮಾರ್ಚ್‌ನಲ್ಲಿ ಚಾರ್ಮಾಡಿ, ಕುದುರೆಮುಖ ಕಡೆಯ ಬೆಟ್ಟ ಉರಿದದ್ದು ನೆನಪಿರಬಹುದು. ಅದರ ಹಿಂದಿನ ತಿಂಗಳೇ ಸಕಲೇಶಪುರದ ಹತ್ತಿರ ಬೆಂಕಿ ನಂದಿಸಲು ಹೋದ ಅರಣ್ಯ ರಕ್ಷಕರೊಬ್ಬರು ಸುಟ್ಟಗಾಯದಿಂದ ತೀರಿಕೊಂಡರು.

ಮೊದಲು ಗುಡ್ಡೆಯ ಮುಳಿಹುಲ್ಲನ್ನು ಮಾಡಿಗೆ ಹೊದಿಸಲು ಕೊಯ್ಯುತ್ತಿದ್ದರು. ತರಗೆಲೆ ಗುಡಿಸಿ ಹಟ್ಟಿಗೆ ಹಾಕುತ್ತಿದ್ದರು. ಈಗ ಮನೆಗೆ ಹಂಚು, ಇಲ್ಲದಿದ್ದರೆ ಶೀಟು. ಹಟ್ಟಿಯಲ್ಲಿ ದನವೇ ಇಲ್ಲ. ಹಾಗಾಗಿ ಎಲ್ಲವೂ ಗುಡ್ಡೆಯಲ್ಲೇ ಉಳಿಯುತ್ತದೆ. ಕಿಡಿ ಬೀಳುವುದು ಮಾತ್ರ ನಮ್ಮಿಂದಲೇ. ಆ ತಿಂಗಳುಗಳಲ್ಲಿ ಸಿಡಿಲು ಎಲ್ಲಿಂದ ಬರಬೇಕು? ಗೊಬ್ಬರಕ್ಕೆ ಸುಡುಮಣ್ಣು ಮಾಡಲು ಹಾಕಿದ ಬೆಂಕಿ, ಘಾಟಿಯಲ್ಲಿ ಎಸೆದ ಬೀಡಿ, ಗಾಳಿಗೆ ಒಂದಕ್ಕೊಂದು ತಾಗುವ ಕರೆಂಟಿನ ತಂತಿ.

ಬೇಸಿಗೆ ಬಂದಾಗ ಅರಣ್ಯ ಇಲಾಖೆಯವರು ಊರಿನ ಹುಡುಗರನ್ನು ದಿನಗೂಲಿಗೆ ಬೆಂಕಿ ಕಾವಲಿಗೆ ತೆಗೆದುಕೊಳ್ಳುತ್ತಾರೆ. ಮಳೆ ಹಿಡಿದರೆ ಮನೆಗೆ. ಮುಂದಿನ ವರ್ಷ ಬೇರೆ ಹುಡುಗರು. ಒಮ್ಮೆ ಕೂಲಿ ಕೈಗೆ ಬರುವಾಗ ಗದ್ದೆಯಲ್ಲಿ ನೇಜಿ ನೆಟ್ಟಾಗಿತ್ತು, ಮತ್ತೆ ಯಾರು ಬರುತ್ತಾರೆ ಹೇಳಿ. ಕಲಿತದ್ದು ಅವರ ಜೊತೆಗೇ ಹೋಗುತ್ತದೆ. ಹೊಸಬರ ಕೈಗೆ ಹಸಿ ಗೆಲ್ಲು ಕೊಟ್ಟು "ಬಡಿ" ಅಂದರೆ ಅದು ತರಬೇತಿಯಾ?

ಕಲಿಸಲಿಕ್ಕೆ ಬೇಕಾದಷ್ಟು ಇದೆ. ಬೆಂಕಿ ಇಳಿಜಾರಿನಲ್ಲಿ ಮೇಲಕ್ಕೆ ಓಡುತ್ತದೆ, ಯಾಕೆಂದರೆ ಜ್ವಾಲೆಯ ಬಿಸಿ ಮೇಲಿನ ಹುಲ್ಲನ್ನು ಮೊದಲೇ ಒಣಗಿಸಿ ಇಟ್ಟಿರುತ್ತದೆ. ಹಾಗಾಗಿ ಅದರ ಮೇಲ್ಗಡೆ ಹೋಗಿ ನಿಲ್ಲಬಾರದು. ಮಧ್ಯಾಹ್ನ ಕಡಲ ಗಾಳಿ ಎದ್ದರೆ ಬೆಂಕಿ ಘಟ್ಟದ ಕಡೆ ತಿರುಗುತ್ತದೆ. ಪಾಲಿಯೆಸ್ಟರ್ ಟೀ ಶರ್ಟ್ ಹಾಕಿಕೊಂಡು ಬರಲೇಬಾರದು, ಕರಗಿ ಮೈಗೆ ಅಂಟುತ್ತದೆ. ಹತ್ತಿಯ ಉದ್ದ ತೋಳಿನ ಹಳೆ ಅಂಗಿಯೇ ವಾಸಿ. ಎದುರು ಬೆಂಕಿ ಕೊಡುವುದು, ಅಂದರೆ ಬರುವ ಬೆಂಕಿಯ ಎದುರಿನ ಹುಲ್ಲನ್ನು ನಾವೇ ಮೊದಲು ಸುಡುವುದು, ಅನುಭವ ಇದ್ದವರ ಕೆಲಸ, ಗಾಳಿ ನೋಡದೆ ಕೊಟ್ಟರೆ ಒಂದಿದ್ದದ್ದು ಎರಡಾಗುತ್ತದೆ.

ಬೆಂಕಿ ಆರಿದ ಮೇಲಿನ ಕೆಲಸವೇ ದೊಡ್ಡದು, ಅದಕ್ಕೆ ಯಾರೂ ನಿಲ್ಲುವುದಿಲ್ಲ. ಒಣ ಬೊಡ್ಡೆ ಒಳಗಿಂದೊಳಗೆ ಉರಿಯುತ್ತಲೇ ಇರುತ್ತದೆ. ಹೊರಗೆ ಹೊಗೆ ಕೂಡ ಕಾಣುವುದಿಲ್ಲ. ಹಿಂಗೈಯನ್ನು ಹತ್ತಿರ ಹಿಡಿದರೆ ಕಾವು ಗೊತ್ತಾಗುತ್ತದೆ. ಕತ್ತಿಯಿಂದ ಕೆತ್ತಿ, ಮದ್ದು ಬಿಡುವ ಪಂಪಿನಿಂದ ನೀರು ಹೊಡೆದು, ಮಣ್ಣು ಮುಚ್ಚಬೇಕು. ಹಾಗೇ ಬಿಟ್ಟು ಬಂದರೆ ಮರುದಿನದ ಗಾಳಿಗೆ ಒಂದು ಕೆಂಡ ರೇಖೆ ದಾಟಿದರೂ ಸಾಕು, ಮತ್ತೆ ಮೊದಲಿನಿಂದ ಶುರು.

ಕೇಂದ್ರ ಸರಕಾರದ ಫಾರೆಸ್ಟ್ ಸರ್ವೆಯವರು ಎಲ್ಲಿ ಬೆಂಕಿ ಬಿದ್ದಿದೆ ಅಂತ ಉಪಗ್ರಹದಿಂದ ನೋಡಿ ಮೊಬೈಲಿಗೆ ಸಂದೇಶ ಕಳಿಸುತ್ತಾರೆ. ಒಳ್ಳೆಯ ವ್ಯವಸ್ಥೆಯೇ. ಆದರೆ ಅದರ ಒಂದು ಚುಕ್ಕಿ ಅಂದರೆ ಕಡಿಮೆ ಅಂದರೂ 375 ಮೀಟರ್ ಉದ್ದಗಲದ ಜಾಗ. ಅಲ್ಲಿಗೆ ಹತ್ತುವ ಕಾಲುದಾರಿ ಯಾವುದು, ತೋಡಿನಲ್ಲಿ ನೀರು ಉಂಟಾ ಅಂತ ಹೇಳಲು ಊರಿನವರೇ ಬೇಕು.

ವಿಟ್ಲದ ತೋಟದ ಬೆಳೆಗಳ ಸಂಶೋಧನಾ ಕೇಂದ್ರ ಸಿಪಿಸಿಆರ್‌ಐನಲ್ಲಿ ಅಡಿಕೆ ಮರ ಹತ್ತುವ ತರಬೇತಿ ಕೊಟ್ಟದ್ದು ನೆನಪಿದೆಯಾ? ಮರ ಹತ್ತುವುದನ್ನು ಶಿಬಿರ ಮಾಡಿ ಕಲಿಸಬಹುದಾದರೆ ಬೆಂಕಿ ಕೆಲಸವನ್ನು ಯಾಕೆ ಕಲಿಸಬಾರದು? ತರಬೇತಿ ಆದವರಿಗೆ ಒಳ್ಳೆಯ ಬೂಟು, ವಿಮೆ, ಹೊತ್ತಿಗೆ ಸರಿಯಾಗಿ ಕೂಲಿ ಕೊಡಲಿ. ಉಳಿದ ತಿಂಗಳು ಅದೇ ಹುಡುಗರು ತೋಟದಲ್ಲಿ ಮಿಷಿನ್ ಓಡಿಸಲಿ, ಮದ್ದು ಬಿಡಲಿ. ಆ ಕೆಲಸಕ್ಕೂ ಜನ ಸಿಗದೆ ತೋಟದವರು ಒದ್ದಾಡುತ್ತಿದ್ದಾರಲ್ವಾ? ಸುಮ್ನೆ ಹೇಳುತ್ತಿಲ್ಲ. ದೀಪಾವಳಿ ಕಳೆದ ಮೇಲೆ ಗ್ರಾಮ ಅರಣ್ಯ ಸಮಿತಿಯವರು ಶಿಬಿರ ಇಟ್ಟರೆ ಮಿಷಿನ್ ಹಿಡಿಯುವುದನ್ನು ನಾನೇ ಬಂದು ಕಲಿಸುತ್ತೇನೆ. ಪೆಟ್ರೋಲ್ ಮಾತ್ರ ಅವರೇ ಹಾಕಬೇಕು.