ತಂಗಿಯ ಡ್ರಿಪ್ ಮತ್ತು ರಾಯಚೂರಿನ ಬೇಸಿಗೆ

ನನ್ನ ತಂಗಿಗೆ ಮಲ್ಟಿಪಲ್ ಸ್ಕ್ಲೆರೋಸಿಸ್ ಇದೆ ಎಂದು ಗೊತ್ತಾಗಿ ಐದು ವರ್ಷಗಳಾದವು. ಮೊದಲು ಬಲಗಣ್ಣು ಮಂಜಾಗಿ, ಕೆಲವು ವಾರಗಳಲ್ಲಿ ತಿಳಿಯಾಯಿತು. ಆಮೇಲೆ ಎಡಗಾಲಿಗೆ ಜೋಮು ಹಿಡಿದು, ಅಂಗಳದಲ್ಲಿ ನಡೆಯುವಾಗ ಚಪ್ಪಲಿ ಕಳಚಿ ಹಿಂದೆ ಉಳಿದರೂ ಅವಳಿಗೆ ಅರಿವಾಗುತ್ತಿರಲಿಲ್ಲ.

ರೋಗನಿರೋಧಕ ಶಕ್ತಿಗೆ ಸಂಬಂಧಿಸಿದ ಕಾಯಿಲೆ ಎಂದು ಕೇಳಿದ ಕೂಡಲೇ ಬಂಧುಗಳು ಆ ಶಕ್ತಿಯನ್ನು ಹೆಚ್ಚಿಸುವ ಪುಡಿ, ಕಷಾಯಗಳನ್ನು ತಂದುಕೊಟ್ಟರು. ಅವರ ಪ್ರೀತಿ ದೊಡ್ಡದು, ಆದರೆ ತಿಳಿವಳಿಕೆ ತಲೆಕೆಳಗಾಗಿತ್ತು. ದೇಹವನ್ನು ಕಾಯಬೇಕಾದ ಬಿಳಿ ರಕ್ತಕಣಗಳೇ ಮಿದುಳು ಮತ್ತು ಬೆನ್ನುಹುರಿಯ ನರತಂತುಗಳಿಗೆ ಸುತ್ತಿಕೊಂಡಿರುವ ಮಯಲಿನ್ ಎಂಬ ಹೊದಿಕೆಯನ್ನು ಹಾಳುಮಾಡುವುದು ಈ ಕಾಯಿಲೆಯ ಸ್ವರೂಪ. ಆದ್ದರಿಂದ ಚಿಕಿತ್ಸೆಯೂ ಆ ಕಣಗಳನ್ನು ಹಿಡಿತದಲ್ಲಿಡುವ ಚಿಕಿತ್ಸೆಯೇ ಆಗಿದೆ. 1993ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಪಡೆದ ಇಂಟರ್‌ಫೆರಾನ್ ಚುಚ್ಚುಮದ್ದಿನಿಂದ ಈ ದಾರಿ ಆರಂಭವಾಯಿತು. ಬಿಳಿ ರಕ್ತಕಣಗಳಲ್ಲೇ ಒಂದು ಬಗೆಯಾದ ಬಿ ಕಣಗಳನ್ನು ತೆಗೆದುಹಾಕುವ ಓಕ್ರೆಲಿಜುಮ್ಯಾಬ್ ಎಂಬ ಔಷಧಿ 2017ರಲ್ಲಿ ಬಂದಿತು. ಅದೇ ಬಗೆಯ ರಿಟುಕ್ಸಿಮ್ಯಾಬ್ ಮೂಲತಃ ರಕ್ತದ ಕ್ಯಾನ್ಸರ್‌ಗೆ ಬಂದ ಔಷಧಿಯಾದರೂ, ಬೆಲೆ ಕಡಿಮೆಯೆಂಬ ಕಾರಣಕ್ಕೆ ನಮ್ಮ ದೇಶದ ಅನೇಕ ನರರೋಗ ತಜ್ಞರು ಅದನ್ನೇ ಬರೆಯುತ್ತಾರೆ.

ತಂಗಿಗೆ ಆರು ತಿಂಗಳಿಗೊಮ್ಮೆ ಕೊಡುವುದೂ ಅದನ್ನೇ. ಅಡಗಿರುವ ಹೆಪಟೈಟಿಸ್ ಬಿ ಮತ್ತೆ ಕೆರಳಬಹುದಾದ್ದರಿಂದ ಮೊದಲೇ ರಕ್ತಪರೀಕ್ಷೆ ಮಾಡಿಸಿದ್ದರು. ಡ್ರಿಪ್ ದಿನ ಪ್ಯಾರಾಸಿಟಮಾಲ್, ಅಲರ್ಜಿಯ ಔಷಧಿ ಮತ್ತು ಸ್ಟೀರಾಯ್ಡ್ ಕೊಟ್ಟ ನಂತರ, ಹನಿಗಳನ್ನು ತೀರಾ ನಿಧಾನವಾಗಿ ಬಿಟ್ಟು, ಗಂಟಲು ಕೆರೆತವೋ ಚಳಿಯೋ ಬರಲಿಲ್ಲವೆಂದು ಖಚಿತವಾದ ಮೇಲಷ್ಟೇ ನರ್ಸಮ್ಮ ವೇಗ ಹೆಚ್ಚಿಸುತ್ತಾರೆ.

ಎರಡನೆಯ ಡ್ರಿಪ್ ಆದ ಮೇಲಿನ ಏಪ್ರಿಲ್‌ನಲ್ಲಿ, ಮಧ್ಯಾಹ್ನ ಕರೆಂಟ್ ಹೋದಾಗಲೆಲ್ಲ ಅವಳ ಎಡಗಾಲು ಭಾರವಾಗಿ ಕಣ್ಣು ಮಬ್ಬಾಗತೊಡಗಿತು. ಇಷ್ಟು ಖರ್ಚು ಮಾಡಿದ ಔಷಧಿ ಕೆಲಸ ಮಾಡಲಿಲ್ಲವೆಂದು ಅಪ್ಪಾಜಿ ಕುಸಿದು ಕುಳಿತರು. ಹೊದಿಕೆ ಕಳೆದುಕೊಂಡ ನರದಲ್ಲಿ ಮೈ ಬಿಸಿಯಾದಾಗ ಸಂದೇಶಗಳು ಸರಿಯಾಗಿ ಸಾಗುವುದಿಲ್ಲ, ಇದು ಕಾಯಿಲೆಯ ಹೊಸ ದಾಳಿಯಲ್ಲ ಎಂದು ವೈದ್ಯರು ವಿವರಿಸಿದರು. ಜರ್ಮನಿಯ ಕಣ್ಣಿನ ವೈದ್ಯ ಊಟ್‌ಹಾಫ್ 1890ರಲ್ಲಿಯೇ ಇದನ್ನು ದಾಖಲಿಸಿದ್ದರಂತೆ. ಒದ್ದೆ ಟವೆಲ್ಲನ್ನು ಕುತ್ತಿಗೆಗೆ ಸುತ್ತಿಕೊಂಡು ಅರ್ಧ ತಾಸು ಮಲಗಿದರೆ ಅವಳಿಗೆ ಇಳಿಯುತ್ತದೆ. ಜ್ವರ, ಸೋಂಕು ಇಲ್ಲದೆಯೂ ತೊಂದರೆ ಒಂದು ದಿನ ಮೀರಿ ಉಳಿದರೆ ಮಾತ್ರ ಅದನ್ನು ದಾಳಿಯೆಂದು ಶಂಕಿಸಿ ಕೂಡಲೇ ತೋರಿಸಬೇಕು. ಈ ವ್ಯತ್ಯಾಸ ತಿಳಿಯದೆ ನಮ್ಮ ಬಿಸಿಲೂರಿನಲ್ಲಿ ಯಾರಾದರೂ ಒಳ್ಳೆಯ ಔಷಧಿಯನ್ನು ನಡುವೆಯೇ ಬಿಟ್ಟುಬಿಟ್ಟಾರೆಂಬ ಆತಂಕದಿಂದಲೇ ಇದನ್ನು ಬರೆಯುತ್ತಿದ್ದೇನೆ.

ಕಳೆದುಹೋದುದನ್ನು ಈ ಔಷಧಿ ಮರಳಿ ಕೊಟ್ಟಿಲ್ಲ. ದಣಿದಾಗ ಅವಳ ಎಡಗಾಲು ಈಗಲೂ ಎಳೆಯುತ್ತದೆ. ಆದರೆ ಕಳೆದ ಮೂರು ಎಮ್‌ಆರ್‌ಐಗಳಲ್ಲಿ ಹಾನಿಯ ಗುರುತಾದ ಬಿಳಿ ಮಚ್ಚೆ ಹೊಸದಾಗಿ ಒಂದೇ ಒಂದೂ ಕಾಣಿಸಿಲ್ಲ.