ಬೆಳಗಿನ ಜಾವ 2.40ಕ್ಕೆ ಬಂದ ಪ್ರಶ್ನೆ

ನಾನು ಬೆಂಗಳೂರಿನ ಒಂದು ಕಾಲ್ ಸೆಂಟರ್‌ನಲ್ಲಿ ಎಚ್‌ಆರ್. ತಿಂಗಳಿಗೊಮ್ಮೆ ನಮ್ಮಲ್ಲಿ ಆನ್‌ಲೈನ್ ಚರ್ಚೆ ಇರುತ್ತದೆ. ಒಂದು ವಿಷಯ ಕೊಡುತ್ತೇವೆ, ಜನ ಗೂಗಲ್ ಫಾರ್ಮ್‌ನಲ್ಲಿ ತಮ್ಮ ವಾದ ಬರೆಯುತ್ತಾರೆ, ಮೀಟಿಂಗ್‌ನಲ್ಲಿ ಎಲ್ಲರ ಮುಂದೆ ಓದುತ್ತೇವೆ. "ಧೈರ್ಯವಾಗಿ ಬರೆಯಿರಿ, ಯಾರು ಬರೆದಿದ್ದು ಅಂತ ಯಾರಿಗೂ ಗೊತ್ತಾಗಲ್ಲ" ಎಂದು ಫಾರ್ಮ್‌ನ ಮೇಲೆ ಹಾಕಿದವಳು ನಾನೇ.

ಮೂರು ವರ್ಷದ ಹಿಂದೆ ಒಮ್ಮೆ ರಾತ್ರಿ ಪಾಳಿಯ ಕ್ಯಾಬ್ ಚರ್ಚೆಗೆ ಬಂತು. ಒಂದು ಉತ್ತರ ಹೀಗಿತ್ತು: "ಲಾಗೌಟ್ ಆದ ಮೇಲೆ ಕ್ಯಾಬಿಗೆ ಮುಕ್ಕಾಲು ಗಂಟೆ ಕಾಯುತ್ತೇವೆ. ಆ ಮುಕ್ಕಾಲು ಗಂಟೆ ಯಾರ ಲೆಕ್ಕಕ್ಕೆ?" ಚಪ್ಪಾಳೆ ಬಿತ್ತು. ಮ್ಯಾನೇಜರ್ ಮುಖ ಸಣ್ಣದಾಯಿತು. ಸಂಜೆ ನನ್ನ ಹತ್ತಿರ ಬಂದು, "ಹೆಸರು ಬೇಡಮ್ಮ, ಸುಮ್ನೆ ಯಾವ ಟೀಮ್ ಅಂತ ಹೇಳು ಸಾಕು" ಎಂದರು.

ಶೀಟ್ ತೆರೆದೆ. ಹೆಸರು, ಇಮೇಲ್ ಏನೂ ಇರಲಿಲ್ಲ. ಆದರೆ ಮೊದಲ ಕಾಲಂ ಟೈಮ್‌ಸ್ಟ್ಯಾಂಪ್, ಅಂದರೆ ಉತ್ತರ ಕಳಿಸಿದ ಹೊತ್ತು. ನಾವು ಕೇಳದಿದ್ದರೂ ಅದು ತಾನೇ ಬಂದು ಕೂತಿರುತ್ತದೆ. ಆ ಉತ್ತರದ ಮುಂದೆ 2:40 ಎಂದಿತ್ತು. ಆ ಹೊತ್ತಿಗೆ ಬ್ರೇಕ್ ಇದ್ದದ್ದು ಒಂದೇ ಟೀಮಿಗೆ. ಹೇಳಿಬಿಟ್ಟೆ. ಟೀಮ್‌ನಲ್ಲಿ ಇದ್ದವರು ಐದು ಜನ. ಅವರಲ್ಲಿ ಕೊನೆಯ ಡ್ರಾಪ್ ಇದ್ದವಳು ಒಬ್ಬಳೇ.

ಯಾರೂ ಅವಳನ್ನು ಬೈಯಲಿಲ್ಲ. ಮರುದಿನ ಕಾಫಿ ಮೆಷಿನ್ ಹತ್ತಿರ ಮ್ಯಾನೇಜರ್ "ಪ್ರಶ್ನೆ ಚೆನ್ನಾಗಿತ್ತಮ್ಮ" ಎಂದು ನಕ್ಕರಂತೆ. ಅಷ್ಟೇ. ಮುಂದಿನ ತಿಂಗಳು, ನಲವತ್ತು ಉತ್ತರ ಬರುತ್ತಿದ್ದ ಕಡೆ ಮೂರು ಬಂದವು. ಮೂರೂ ಕ್ಯಾಂಟೀನಿನ ಸಾಂಬಾರಿನ ಬಗ್ಗೆ.

ಆಮೇಲೆ ಓದಿ ತಿಳಿದುಕೊಂಡೆ. ಅಮೆರಿಕದ ಕಂಪ್ಯೂಟರ್ ವಿಜ್ಞಾನಿ ಲತಾನ್ಯಾ ಸ್ವೀನಿ ಅಲ್ಲಿನ 1990ರ ಜನಗಣತಿ ಇಟ್ಟುಕೊಂಡು 2000ದಲ್ಲೇ ಇದನ್ನು ಲೆಕ್ಕ ಹಾಕಿದ್ದರು. ಐದಂಕಿಯ ಪಿನ್ ಕೋಡ್, ಹುಟ್ಟಿದ ತಾರೀಖು, ಗಂಡೋ ಹೆಣ್ಣೋ ಎಂಬುದು, ಈ ಮೂರು ಸಿಕ್ಕರೆ ಅಲ್ಲಿನ ಶೇ 87ರಷ್ಟು ಜನರನ್ನು ಹೆಸರಿಲ್ಲದೆಯೇ ಗುರುತಿಸಬಹುದು ಎಂದು. ಇಡೀ ದೇಶದ ಕಥೆಯೇ ಹೀಗಾದರೆ ಐದು ಜನರ ಟೀಮ್ ಯಾವ ಲೆಕ್ಕ?

"ಆಫೀಸಲ್ಲಿ ಎಂಥ ಪ್ರೈವೆಸಿ ರೀ" ಎಂದು ಕೇಳುವವರು ಈಗಲೂ ಇದ್ದಾರೆ. ಖಾಸಗಿತನ ಮೂಲಭೂತ ಹಕ್ಕು ಎಂದು 2017ರಲ್ಲಿ ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳು ಒಮ್ಮತದಿಂದ ಹೇಳಿದ ಕೇಸು ಹಾಕಿದ್ದವರು ನಮ್ಮ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಅದನ್ನು ಕ್ಯಾಬ್ ಚರ್ಚೆಗೆ ಎಳೆದು ತರುವುದು ಸ್ವಲ್ಪ ಜಾಸ್ತಿಯೇ ಆಯಿತು, ಒಪ್ಪುತ್ತೇನೆ. ಆದರೆ ನಾನು ಮುರಿದದ್ದು ಕಾನೂನನ್ನಲ್ಲ, ನಾನೇ ಬರೆದ ಒಂದು ಸಾಲನ್ನು.

ಈಗ ಹೀಗೆ ಮಾಡುತ್ತೇವೆ. ಆರು ತಿಂಗಳಿಗೊಮ್ಮೆ ಬಿಸ್ಕತ್ ಡಬ್ಬಿಯಿಂದ ಎಲ್ಲರೂ ಒಂದೊಂದು ಚೀಟಿ ಎತ್ತುತ್ತಾರೆ. ಚೀಟಿಯಲ್ಲಿ ಒಂದು ಹಕ್ಕಿಯ ಹೆಸರು. ಆ ಹೆಸರಿನಲ್ಲೇ ಬರೆಯಬೇಕು. ಉತ್ತರಗಳು ಮೈಸೂರು ಬ್ರಾಂಚಿಗೆ ಹೋಗುತ್ತವೆ. ಅಲ್ಲಿಂದ ಬರೀ ಸಾಲುಗಳು ನನಗೆ ಬರುತ್ತವೆ, ಹಿಂದೆ ಮುಂದೆ ಮಾಡಿ. ಅವರಿಗೆ ನಮ್ಮ ರೋಸ್ಟರ್ ಗೊತ್ತಿಲ್ಲ, ನನಗೆ ಟೈಮ್ ಗೊತ್ತಿಲ್ಲ.

ಹಕ್ಕಿ ಹೆಸರಿನಿಂದ ನಾನು ನೆನೆಸದ ಒಂದು ಲಾಭ ಆಯಿತು. ಮನೆಯಿಂದ ಕೆಲಸ ಬೇಡವೇ ಬೇಡ ಎಂದು ಎರಡು ತಿಂಗಳು ಜಗಳ ಆಡಿದ್ದ ಗುಬ್ಬಿ, ಮೂರನೇ ತಿಂಗಳು "ಮೈನಾ ಹೇಳಿದ್ದು ಸರಿ ಇದೆ, ನಾನು ಮಾತು ವಾಪಸ್ ತಗೋತೀನಿ" ಎಂದು ಬರೆಯಿತು. ಹನ್ನೊಂದು ವರ್ಷದ ಸರ್ವಿಸ್‌ನಲ್ಲಿ ಸ್ವಂತ ಹೆಸರಿನಲ್ಲಿ ಹಾಗೆ ಹೇಳಿದವರನ್ನು ನಾನು ಕಂಡಿಲ್ಲ. ಗಲಾಟೆಯೂ ಆಗಿದೆ. ಹದ್ದು ಒಮ್ಮೆ ಒಬ್ಬ ಟೀಮ್ ಲೀಡರ್‌ನ ಮಾತೃಭಾಷೆಯನ್ನು ಆಡಿಕೊಂಡು ಬರೆಯಿತು. ಆ ಸಾಲು ಹೊಡೆದು ಹಾಕಿ, ಹದ್ದಿಗೆ ಒಂದು ತಿಂಗಳು ರಜೆ ಕೊಟ್ಟೆವು. ಯಾರು ಅಂತ ಹುಡುಕಲು ಹೋಗಲಿಲ್ಲ.

ಆ ಹುಡುಗಿಗೆ ಕ್ಷಮೆ ಕೇಳಿದ್ದೆ. "ಬಿಡಿ ಮೇಡಂ" ಎಂದಳು. ಬಿಟ್ಟಿದ್ದಾಳೋ ಇಲ್ಲವೋ ನನಗೆ ತಿಳಿಯಲಿಲ್ಲ. ಹೋದ ತಿಂಗಳು ಕ್ಯಾಬ್ ವಿಷಯ ಮತ್ತೆ ಬಂತು. ಕಾಯುವ ಸಮಯದ ಲೆಕ್ಕವನ್ನು ನಿಮಿಷ ನಿಮಿಷವೂ ಬಿಡಿಸಿ ಇಟ್ಟದ್ದು ಮರಕುಟಿಗ. ಮ್ಯಾನೇಜರ್ ನನ್ನ ಕಡೆ ನೋಡಿ "ಯಾರಮ್ಮ ಅದು?" ಎಂದರು.

"ಗೊತ್ತಿಲ್ಲ ಸರ್" ಎಂದೆ. ನಿಜವಾಗಿಯೂ ಗೊತ್ತಿರಲಿಲ್ಲ.